ಗಿಡ ನೆಡದ ಸಂಘದ ಗೌರಮ್ಮ ಮೇಡಂ

ಸಂಜೆ ಲಾಂಗ್ ಬೆಲ್ ಹೊಡೆದ ಮೇಲೆ ಗೌರಮ್ಮ ಮೇಡಂ ಗೇಟಿಗೆ ಅಡ್ಡ ನಿಂತರೆಂದರೆ ಯಾರೂ ಸುಮ್ಮನೆ ಮನೆಗೆ ಹೋಗುವಂತಿರಲಿಲ್ಲ. ಮಕ್ಕಳಿರಲಿ, ಮೇಷ್ಟ್ರಿರಲಿ, ಹೆಡ್‌ಮಾಸ್ಟರ್ ರುದ್ರಯ್ಯನವರೇ ಇರಲಿ, ನೀರಿನ ಬಾಟಲಿ ಎತ್ತಿ ತೋರಿಸಬೇಕು. ತಳದಲ್ಲಿ ಒಂದು ಗುಟುಕು ಉಳಿದಿದ್ದರೂ ಪಕ್ಕದ ಬಕೆಟ್ಟಿಗೆ ಸುರಿದು ಹೋಗಬೇಕು. ಕುಳ್ಳಗಿನ ಹೆಂಗಸು, ಹೆಗಲಿಗೊಂದು ಬಟ್ಟೆ ಚೀಲ, ಮೂಗಿನ ತುದಿಗೆ ಜಾರಿದ ಕನ್ನಡಕ. ದನಿ ಏರಿಸಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. "ಮೇಷ್ಟ್ರೇ, ಬಾಟ್ಲು" ಅಂತ ಮೆತ್ತಗೆ ಅನ್ನುತ್ತಿದ್ದರು. ನನ್ನ ಒಂದು ವಿಷಲ್ಲಿಗೆ ಇಡೀ ಮೈದಾನ ಕಲ್ಲಾಗಿ ನಿಲ್ಲುತ್ತಿದ್ದ ಕಾಲ ಅದು. ಅಂಥ ನಾನೂ ಬಾಟಲಿ ಎತ್ತಿ ತೋರಿಸುತ್ತಿದ್ದೆ.

ನಾನು ಗುಬ್ಬಿ ಹತ್ತಿರದ ಆ ಹೈಸ್ಕೂಲಿನಲ್ಲಿ ಪಿಟಿ ಮೇಷ್ಟ್ರು. ಈಗ ರಿಟೈರಾಗಿ ತುಮಕೂರಿನ ಮರಳೂರಿನಲ್ಲಿ ಮಗಳ ಮನೆಯ ಮಹಡಿ ಮೇಲೆ ಕೂತು ಬೀದಿಯ ಹುಡುಗರನ್ನು ಗೋಳು ಹೊಯ್ದುಕೊಳ್ಳುತ್ತಿದ್ದೇನೆ. ಸರ್ವೀಸಿನಲ್ಲಿ ನನ್ನ ಕೈಗೆ ಸಿಕ್ಕಿ ಬೇಸ್ತು ಬೀಳದ ಮೇಷ್ಟ್ರು ಹುಟ್ಟಿರಲಿಲ್ಲ. ಇದು ಜಂಬವಲ್ಲ, ಬೇಕಾದರೆ ಯಾರನ್ನಾದರೂ ಕೇಳಿ. ಹೊಸಬರು ಬಂದರೆ ಮೊದಲ ವಾರದಲ್ಲೇ ಅವರ ಸೀಮೆಸುಣ್ಣದ ಡಬ್ಬಿಯಲ್ಲಿ ನನ್ನ ರಬ್ಬರ್ ಹಲ್ಲಿ ಕೂತಿರುತ್ತಿತ್ತು. ಅದನ್ನು ಕಂಡು ಇಂಗ್ಲಿಷ್ ಮೇಷ್ಟ್ರು ಅಚ್ಚ ಕನ್ನಡದಲ್ಲಿ ಅಮ್ಮನನ್ನು ಕರೆದಿದ್ದರು.

ಗೌರಮ್ಮ ಮೇಡಂ ವಿಜ್ಞಾನಕ್ಕೆಂದು ಬಂದರು. ಡಬ್ಬಿ ತೆಗೆದರು. ನಾನು ಕಿಟಕಿಯಾಚೆ ಅವಿತು ನಿಂತಿದ್ದೆ. ಅವರು ಹಲ್ಲಿಯನ್ನು ಎರಡು ಬೆರಳಲ್ಲಿ ಎತ್ತಿ, ತಿರುಗಿಸಿ ನೋಡಿ, ಕಿಟಕಿಯ ಕಡೆಗೇ ಬಂದು ನನ್ನ ಅಂಗೈಗೆ ಇಟ್ಟರು.

"ಮೇಷ್ಟ್ರೇ, ಹಲ್ಲಿಗೆ ಕಾಲಿಗೆ ಐದು ಬೆರಳಿರುತ್ತೆ. ಇದಕ್ಕೆ ನಾಲ್ಕೇ ಇದೆ. ಮುಂದಿನ ಸಲ ಸರಿಯಾಗಿರೋದು ತಗೊಂಬನ್ನಿ, ಪಾಠಕ್ಕಾದ್ರೂ ಆಗುತ್ತೆ."

ಅಷ್ಟೂ ವರ್ಷ ಆ ಹಲ್ಲಿಯನ್ನು ಜೇಬಲ್ಲಿ ಇಟ್ಟುಕೊಂಡು ಓಡಾಡಿದವನು ನಾನು. ಅದರ ಬೆರಳು ಎಷ್ಟು ಅಂತ ನನಗೇ ಗೊತ್ತಿರಲಿಲ್ಲ! ಅವತ್ತೇ ಅನ್ನಿಸಿತು, ಈ ಹೆಂಗಸಿನ ಹತ್ತಿರ ಹುಷಾರಾಗಿರಬೇಕು ಅಂತ.

ಇಲ್ಲಿ ನಮ್ಮ ಶಾಲೆಯ ಗುಂಡಿಯ ವಿಷಯ ಹೇಳಬೇಕು. ನಮ್ಮ ಶಾಲೆ ಕೂತಿರೋದು ಬಂಡೆಯ ಮೇಲೆ. ಎಲ್ಲಿ ಅಗೆದರೂ ಒಂದು ಗೇಣು ಮಣ್ಣಿಗೇ ಹಾರೆ ಠಣ್ ಅನ್ನುತ್ತದೆ. ಶಾಲೆಯ ಹೆಸರಿನ ಬೋರ್ಡಿನ ಮುಂದೆ ಮಾತ್ರ ಹಿಂದೆಂದೋ ಕರೆಂಟ್ ಕಂಬಕ್ಕೆ ಬಂಡೆ ಒಡೆದಿದ್ದರು. ಕಂಬ ಕಿತ್ತುಕೊಂಡು ಹೋದರು, ಗುಂಡಿ ಉಳಿಯಿತು. ಪ್ರತಿ ಜೂನ್‌ನಲ್ಲಿ ಪರಿಸರ ದಿನ ಬಂದರೆ ಮುಖ್ಯ ಅತಿಥಿಗಳು ಆ ಗುಂಡಿಗೆ ಒಂದು ಸಸಿ ಇಡುತ್ತಿದ್ದರು. ಫೋಟೋದಲ್ಲಿ ಹಿಂದೆ ಶಾಲೆಯ ಬೋರ್ಡು ಚೆನ್ನಾಗಿ ಬೀಳುತ್ತಿತ್ತು, ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಮಳೆಗಾಲವಿಡೀ ಸಸಿ ನಗುನಗುತ್ತಾ ಇರುತ್ತಿತ್ತು. ಬೇಸಿಗೆ ರಜೆಯಲ್ಲಿ ಕೇಳುವವರಿಲ್ಲದೆ ಒಣಗುತ್ತಿತ್ತು. ಜೂನ್ ಬರುವ ಹೊತ್ತಿಗೆ ನಾನು ಮೂಲಂಗಿ ಕಿತ್ತ ಹಾಗೆ ಅದನ್ನು ಕಿತ್ತು, ಗುಂಡಿ ಸರಿಮಾಡಿ, ಸುತ್ತ ಸುಣ್ಣ ಹಾಕಿ ರೆಡಿ ಮಾಡುತ್ತಿದ್ದೆ. ಇಡೀ ತಾಲ್ಲೂಕಿನಲ್ಲಿ ಒಂದೇ ಗುಂಡಿಯನ್ನು ನನ್ನಷ್ಟು ಸಲ ತೋಡಿದವನು ಇನ್ನೊಬ್ಬನಿಲ್ಲ. ಆಫೀಸಿನ ಗೋಡೆಯ ಫೋಟೋಗಳಲ್ಲಿ ಅತಿಥಿಗಳ ಹೊಟ್ಟೆ ಬೇರೆ ಬೇರೆ, ಗುಂಡಿ ಒಂದೇ.

ಮೇಡಂ ಬಂದ ವರ್ಷ ಆ ಗುಂಡಿಗೆ ಹೊಂಗೆ ಸಸಿ ಇಟ್ಟವರು ಕೊಬ್ಬರಿ ಮಂಡಿಯ ಸಾಹುಕಾರ್ ಸಿದ್ದಣ್ಣನವರು. ಆಮೇಲೆ ಸ್ವಲ್ಪ ದಿನಕ್ಕೆ, ಶಾಲೆಗೊಂದು ಪರಿಸರ ಸಂಘ ಇರಲೇಬೇಕು ಅಂತ ಮೇಲಿನಿಂದ ಸುತ್ತೋಲೆ ಬಂತು. ಹೊಸದಾಗಿ ಬಂದವರ ತಲೆಗೆ ಇಂಥವನ್ನು ಕಟ್ಟುವುದು ನಮ್ಮಲ್ಲಿ ಪದ್ಧತಿ. ರುದ್ರಯ್ಯನವರು ಅದನ್ನು ಮೇಡಂ ಕೈಗಿಟ್ಟು, "ಒಂದು ಬೋರ್ಡು, ಒಂದು ಜಾಥಾ, ನಾಲ್ಕು ಫೋಟೋ. ಅಷ್ಟಾದ್ರೆ ಸಾಕಮ್ಮ" ಅಂದರು.

ಮೇಡಂ ಬೋರ್ಡು ಬರೆಸಲಿಲ್ಲ. ಮಕ್ಕಳನ್ನು ಕೂರಿಸಿಕೊಂಡು ಕೇಳಿದರು.

"ನಮ್ ಸ್ಕೂಲಲ್ಲಿ ವರ್ಷಾವರ್ಷ ಗಿಡ ನೆಡ್ತೀರಾ?"

"ಹೂಂ ಮಿಸ್!"

"ಎಲ್ಲಿ?"

ಎಲ್ಲ ಕೈಗಳೂ ಕಿಟಕಿಯಾಚೆಗೆ ಒಂದೇ ಜಾಗ ತೋರಿಸಿದವು.

"ಹೋದ್ ವರ್ಷದ್ದು ಎಲ್ಲಿದೆ?"

ಒಂಬತ್ತನೇ ಕ್ಲಾಸಿನ ಲಾವಣ್ಯ, ತೆಂಗಿನ ತೋಟದವರ ಮಗಳು, ಬಾಯಿ ಜೋರು, ಎದ್ದು ನಿಂತು ಹೇಳಿದಳು: "ಪಿಟಿ ಸಾರ್ ಕಿತ್ತಾಕುದ್ರು ಮಿಸ್."

ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ಎಲ್ಲರೂ ತಿರುಗಿದರು. "ಲೇ, ಸತ್ತೋಗಿತ್ತು, ಅದ್ಕೇ ಕಿತ್ತೆ. ನಾನೇನ್ ಕೊಲೆ ಮಾಡಿದ್ನಾ?" ಅಂದೆ.

ಮೇಡಂ ನಗಲಿಲ್ಲ. "ನಮ್ಮ ಸಂಘ ಗಿಡ ನೆಡಲ್ಲ" ಅಂದರು. "ಈಗ ಒಂದಿದೆಯಲ್ಲ, ಅದು ಮುಂದಿನ ಜೂನ್‌ಗೂ ಇರ್ಬೇಕು. ಅಷ್ಟೇ ನಮ್ ಕೆಲ್ಸ."

ಸ್ಟಾಫ್ ರೂಮಿನಲ್ಲಿ ನಾನು ಬಿಡುತ್ತೀನಾ? "ಗಿಡ ನೆಡದ ಪರಿಸರ ಸಂಘ ಅಂದ್ರೆ ಚೆಂಡಿಲ್ಲದ ವಾಲಿಬಾಲ್ ಟೀಮ್ ಇದ್ದಂಗೆ ತಾಯಿ" ಅಂದೆ.

"ಚೆಂಡು ನೀವೇ ಆಗಿ ಮೇಷ್ಟ್ರೇ. ಹೆಂಗಿದ್ರೂ ಪುಟೀತಾನೇ ಇರ್ತೀರಾ."

ಮೊದಮೊದಲು ಸಂಘಕ್ಕೆ ಸೇರಿದವರು ಬೆರಳೆಣಿಕೆಯಷ್ಟು ಮಕ್ಕಳು. ಸಂಜೆ ಬಾಟಲಿಗಳ ನೀರು ಗಿಡಕ್ಕೆ. ಲಾವಣ್ಯಳ ತೋಟದಿಂದ ತೆಂಗಿನ ನಾರು ಬಂದು ಬುಡಕ್ಕೆ ಬಿತ್ತು. ಮೇಕೆ ಬಾಯಿಗೆ ಅಡ್ಡವಾಗಿ ಜಾಲಿ ಮುಳ್ಳಿನ ಬೇಲಿ ಎದ್ದಿತು. ಸೋಮವಾರಕ್ಕೊಮ್ಮೆ ಎಲ್ಲರೂ ಗಿಡದ ಸುತ್ತ ಕೂತು, ಹೊಸದಾಗಿ ಏನು ಕಂಡಿತು ಅಂತ ಒಬ್ಬೊಬ್ಬರೂ ಹೇಳಬೇಕು. ಮೇಡಂ ಮಾತು ಯಾವಾಗಲೂ ಒಂದೇ: "ಕಂಡಿದ್ದು ಹೇಳಿ, ಅಂದ್ಕೊಂಡಿದ್ದು ಬೇಡ." ಒಬ್ಬ ಹುಡುಗ "ಗಿಡಕ್ಕೆ ಬೇಜಾರಾಗೈತೆ ಮಿಸ್" ಅಂದಿದ್ದ.

"ಬೇಜಾರು ನಿಂಗೆ ಕಾಣಿಸ್ತಾ?"

"ಇಲ್ಲ ಮಿಸ್. ಎಲೆ ಜೋತಾಡ್ತಾ ಐತೆ."

"ಹಂಗನ್ನು."

ಇದನ್ನೆಲ್ಲ ನಾನು ಮೈದಾನದ ಆ ತುದಿಯಿಂದ ನೋಡಿ ನಗುತ್ತಿದ್ದೆ. ನಡೆಯಲಿ, ಏಪ್ರಿಲ್ ಬರಲಿ, ಆಮೇಲೆ ಇದೆ ಅಂತ.

ಏಪ್ರಿಲ್ ಬಂತು, ರಜೆ ಬಂತು, ಮೇ ಬಂತು. ಕ್ರೀಡಾ ಸಾಮಾನಿನ ಕೊಠಡಿ ನೋಡಿಕೊಂಡು ಬರೋಣ ಅಂತ ಒಂದು ಮಧ್ಯಾಹ್ನ ಶಾಲೆಗೆ ಹೋದೆ. ಬಂಡೆಯ ಕಾವು ಚಪ್ಪಲಿ ದಾಟಿ ಕಾಲಿಗೆ ತಾಗುತ್ತಿತ್ತು. ಗೇಟಿನಲ್ಲಿ ಲಾವಣ್ಯ ಸೈಕಲ್ ತಳ್ಳಿಕೊಂಡು ಬರುತ್ತಿದ್ದಳು, ಕ್ಯಾರಿಯರ್ ಮೇಲೆ ನೀರಿನ ಕೊಡ. ಅದನ್ನು ಹಿಡಿದುಕೊಂಡು ಹಿಂದೆ ಅವಳ ಅಜ್ಜಿ.

"ರಜಾ ಅಂತ ಮನೇಲಿ ಬಿದ್ದಿರೋದು ಬುಟ್ಟು ಈ ಮುಂಡೇದು ಗಿಡ ಗಿಡ ಅಂತ ನನ್ ಪ್ರಾಣ ತಿಂತಾಳೆ ಕಣಪ್ಪಾ" ಅಂತ ಅಜ್ಜಿ ನನಗೆ ದೂರು ಹೇಳಿದರು. ಹೇಳುತ್ತಲೇ ಕೂತು, ಮುಳ್ಳಿನೊಳಗೆ ಕೈ ತೂರಿಸಿ, ಬೊಗಸೆ ಬೊಗಸೆಯಾಗಿ ನೀರು ಬಿಟ್ಟರು. ಒಂದು ಹನಿ ಆಚೆ ಚೆಲ್ಲಲಿಲ್ಲ. ಗಿಡ ನನ್ನ ಸೊಂಟದ ಎತ್ತರಕ್ಕೆ ಬಂದಿತ್ತು, ತುದಿಯಲ್ಲಿ ಎಳೆ ಹಸಿರಿನ ಚಿಗುರು ಹೊಳೆಯುತ್ತಿತ್ತು. ಆ ಗುಂಡಿಯಲ್ಲಿ ಮೇ ತಿಂಗಳ ಹಸಿರು ನಾನು ಕಂಡೇ ಇರಲಿಲ್ಲ. ಗೌರಮ್ಮ ಮೇಡಂ ಆಗ ತುಮಕೂರಿನ ತಮ್ಮ ಬಾಡಿಗೆ ಮನೆಯಲ್ಲಿದ್ದರು. ಅವರಿಲ್ಲದ ಕಡೆ ಅವರ ಮಾತು ಬಿಸಿಲಲ್ಲಿ ಸೈಕಲ್ ತಳ್ಳುತ್ತಿತ್ತು.

ಫಜೀತಿ ಶುರುವಾಗಿದ್ದೇ ಆಮೇಲೆ. ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ರುದ್ರಯ್ಯನವರು ನನ್ನನ್ನು ಕರೆದರು. "ಪರಿಸರ ದಿನಕ್ಕೆ ಈ ಸಲಾನೂ ಸಿದ್ದಣ್ಣೋರೇ ಬರ್ತಾರೆ. ಕುಡಿಯೋ ನೀರಿಗೆ ಟ್ಯಾಂಕ್ ಕೊಡಿಸ್ತೀನಿ ಅಂದವ್ರೆ. ಗುಂಡಿ ರೆಡಿನಾ?"

"ಗುಂಡಿ ಖಾಲಿ ಇಲ್ಲ ಸಾರ್."

"ಖಾಲಿ ಇಲ್ಲ ಅಂದ್ರೆ?"

"ಗಿಡ ಐತೆ ಸಾರ್. ಬದುಕ್ಬುಟ್ಟೈತೆ."

ಅವರು ತಲೆ ಮೇಲೆ ಕೈ ಹೊತ್ತು ಕೂತರು. ಗಿಡ ಸತ್ತರೆ ಏನು ಮಾಡಬೇಕು ಅಂತ ನಮ್ಮೆಲ್ಲರಿಗೂ ಗೊತ್ತಿತ್ತು. ಬದುಕಿದರೆ ಏನು ಮಾಡಬೇಕು ಅಂತ ಆ ಶಾಲೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಬೇರೆ ಕಡೆ ಅಗೆದು ನೋಡಿದೆ, ಹಾರೆಯಿಂದ ಕಿಡಿ ಹಾರಿತು. ಕೊನೆಗೆ ರುದ್ರಯ್ಯನವರು ಮೇಡಂ ಅವರನ್ನೂ ಕರೆಸಿ, ಗಿಡ ಕಿತ್ತು ಶೌಚಾಲಯದ ಹಿಂದೆ ಇಡೋಣ ಅಂದರು. ಅಲ್ಲಿ ಗೇಣುದ್ದ ಮಣ್ಣೂ ಇಲ್ಲ. ಇಟ್ಟರೆ ವಾರವೂ ಉಳಿಯುವುದಿಲ್ಲ ಅಂತ ಮೂವರಿಗೂ ಗೊತ್ತಿತ್ತು.

ನನ್ನ ಬುದ್ಧಿ ಸುಮ್ಮನಿರುತ್ತಾ? "ಒಂದು ದೊಡ್ಡ ಪಾಟ್ ತಂದು ಬೇಲಿ ಪಕ್ಕ ಮಣ್ಣಲ್ಲಿ ಮುಚ್ಚಿಬುಡ್ತೀನಿ. ಸಾಹುಕಾರ್ರು ಅದ್ರೊಳಗೆ ನೆಟ್ಟು ಹೋಗ್ಲಿ. ದೇವರಾಣೆ ಗೊತ್ತಾಗಲ್ಲ" ಅಂದೆ.

"ನಿಮ್ ಕೈಲಿ ಆಗುತ್ತೆ ಅಂತ ಗೊತ್ತು ಮೇಷ್ಟ್ರೇ. ಮಕ್ಕಳು ನೋಡ್ತಿರ್ತಾರೆ" ಅಂದರು ಮೇಡಂ. ಆಮೇಲೆ ಹೆಡ್‌ಮಾಸ್ಟರ ಕಡೆ ತಿರುಗಿ, ಅದೇ ಮೆತ್ತಗಿನ ದನಿಯಲ್ಲಿ, "ಕೀಳೋದಾದ್ರೆ ನಾಳೆ ಪ್ರೇಯರ್ ಟೈಮಲ್ಲಿ, ಮಕ್ಕಳ ಎದುರಿಗೇ ಕೀಳಿಸಿ ಸಾರ್. ಯಾಕೆ ಕೀಳ್ತಿದೀವಿ ಅಂತ ಮೈಕಲ್ಲಿ ಹೇಳ್ಬಿಡಿ. ನಂಗೆ ಹೇಳಕ್ಕೆ ಬರಲ್ಲ."

"ಟ್ಯಾಂಕು ಹೋದ್ರೆ?"

"ನನ್ ಹೆಸರು ಹೇಳಿ."

ರುದ್ರಯ್ಯನವರು ಕೆಟ್ಟವರಲ್ಲ. ಆ ಮೈಕಿನ ಮುಂದೆ ನಿಂತು ಏನು ಹೇಳುವುದು ಅಂತ ಯೋಚಿಸಿರಬೇಕು. ಗಿಡ ಉಳಿಯಿತು.

ಸಿದ್ದಣ್ಣನವರು ಬಂದರು, ಜೊತೆಗೆ ಹಿಂಬಾಲಕರು, ಫೋಟೋದವರು, ಕಾರಿನ ಡಿಕ್ಕಿಯಲ್ಲಿ ಹೊಸ ಸಸಿ. ಬೋರ್ಡಿನ ಮುಂದೆ ಬಂದು ಸುತ್ತ ನೋಡಿದರು. "ಎಲ್ರಿ ಮೇಷ್ಟ್ರೇ ಗುಂಡಿ?"

ನಾನು ಆಕಾಶ ನೋಡಿದೆ. ಮೇಡಂ ಮುಂದೆ ಬಂದರು. "ಹೋದ್ ವರ್ಷ ನೀವೇ ನೆಟ್ಟಿದ್ದು ಸಾರ್. ಇದೇ ಅದು."

"ನಾನ್ ನೆಟ್ಟಿದ್ದಾ? ದಿಟವಾಗ್ಲೂ?" ಅವರು ಬೇಲಿ ಸುತ್ತ ಒಂದು ಸುತ್ತು ಬಂದರು. "ತಾಲ್ಲೂಕಲ್ಲೆಲ್ಲಾ ನೆಟ್ಟಿದೀನಿ ಕಣಮ್ಮಾ. ಒಂದಾದ್ರೂ ತಿರುಗಿ ನೋಡಿಲ್ಲ."

"ನೀವು ನೆಟ್ಟಿದ್ದಷ್ಟೇ ಸಾರ್" ಅಂದಳು ಲಾವಣ್ಯ. "ಸಾಕಿದ್ದು ನಾವು."

ಹಿಂಬಾಲಕರ ಮುಖ ಕಪ್ಪಿಟ್ಟಿತು. ರುದ್ರಯ್ಯನವರು ಕಣ್ಣು ಮುಚ್ಚಿಕೊಂಡರು. ಸಿದ್ದಣ್ಣನವರು ಹುಡುಗಿಯನ್ನೇ ನೋಡಿದರು. "ಹಂಗಾರೆ ಈಗ ನಾನೇನ್ ಮಾಡ್ಲವ್ವಾ?"

"ನೀರು ಹಾಕಿ. ಜಾಸ್ತಿ ಬೇಡ."

ಅಷ್ಟು ದೊಡ್ಡ ಸಾಹುಕಾರರು ಕುಕ್ಕರುಗಾಲಲ್ಲಿ ಕೂತು, ಚೊಂಬು ಬಗ್ಗಿಸಿ, ಸಾಕಾ ಅಂತ ಅವಳ ಮುಖ ನೋಡಿ ನೋಡಿ ನೀರು ಹಾಕಿದರು. ಫೋಟೋ ತೆಗೆಯುವುದನ್ನು ಫೋಟೋದವನೇ ಮರೆತಿದ್ದ.

ಇಲ್ಲಿಗೆ ಕಥೆ ಮುಗಿಸಿದರೆ ಚೆನ್ನಾಗಿರುತ್ತೆ. ಆದರೆ ಟ್ಯಾಂಕು ಬರಲಿಲ್ಲ. ಕಾರಿನಲ್ಲಿದ್ದ ಸಸಿ ಅದೇ ಮಧ್ಯಾಹ್ನ ಪಕ್ಕದ ಊರಿನ ಶಾಲೆಗೆ ಹೋಯಿತು, ಅಲ್ಲಿ ಗುಂಡಿ ಖಾಲಿ ಇತ್ತು. ಟ್ಯಾಂಕೂ ಅದರ ಹಿಂದೆಯೇ ಅಲ್ಲಿಗೆ ಹೋಯಿತು. ಹಿಂಬಾಲಕರು ಸಾಹುಕಾರರ ಕಿವಿ ಊದಿರಬೇಕು. ರುದ್ರಯ್ಯನವರು ದಸರಾ ತನಕ ಮೇಡಂ ಜೊತೆ ಬರೀ ಹೂಂ, ಉಹೂಂ.

"ಬೇಜಾರಾಗ್ಲಿಲ್ವಾ ತಾಯಿ?" ಅಂತ ಕೇಳಿದೆ.

"ಆಯ್ತು ಮೇಷ್ಟ್ರೇ. ಮಕ್ಕಳಿಗೆ ನೀರು ಬೇಕಿತ್ತು." ಅಷ್ಟು ಹೇಳಿ ಕನ್ನಡಕ ಒರೆಸಿಕೊಂಡರು. ತಪ್ಪು ಮಾಡಿದೆನೇನೋ ಅಂತ ಅವರು ಅನುಮಾನಪಟ್ಟಿದ್ದು ನಾನು ಕಂಡಿದ್ದು ಅದೊಂದೇ ಸಲ.

ಒಂದು ಶನಿವಾರ ಮಧ್ಯಾಹ್ನ ಲಾವಣ್ಯ ಮತ್ತು ಅವಳ ಗುಂಪು ಕಾಣಲಿಲ್ಲ. ವಿಚಾರಿಸಿದರೆ, ಸೈಕಲ್ ಹತ್ತಿ ಪಕ್ಕದ ಊರಿನ ಶಾಲೆಗೆ ಹೋಗಿದ್ದರು. ಜಗಳಕ್ಕೇ ಹೋಗಿರಬೇಕು ಅಂತ ನಾನು ಮೇಡಂ ಅವರನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋದೆ. ಅಲ್ಲಿ ನೋಡಿದರೆ ಹೊಸ ಸಸಿಯ ಸುತ್ತ ಎರಡೂ ಶಾಲೆಯ ಮಕ್ಕಳು ಕೂತಿದ್ದರು. ಲಾವಣ್ಯ ತೆಂಗಿನ ನಾರು ಹರಡುತ್ತಿದ್ದಳು.

"ರಜೇಲಿ ಯಾರ್ ಮನೆ ಹತ್ರ ಐತೆ ಹೇಳ್ರೋ ಮೊದ್ಲು" ಅಂತ ಆ ಊರಿನ ಮಕ್ಕಳನ್ನು ಗದರಿಸುತ್ತಿದ್ದಳು. "ಕಂಡಿದ್ದು ಹೇಳ್ಬೇಕು, ಗೊತ್ತಾಯ್ತಾ? ಅಂದ್ಕೊಂಡಿದ್ದು ಬೇಡ."

"ನೀವ್ ಕಳ್ಸಿದ್ರಾ?" ಅಂದೆ. ಮೇಡಂ ಇಲ್ಲ ಅಂತ ತಲೆಯಾಡಿಸಿದರು. ಒಳಗೆ ಕಾಲಿಡಲಿಲ್ಲ. ಮಕ್ಕಳಿಗೆ ಕಾಣದ ಹಾಗೆ ಕಾಂಪೌಂಡಿನ ಈಚೆ ನಿಂತು ತುಂಬಾ ಹೊತ್ತು ನೋಡಿದರು. "ಹೋಗೋಣ ನಡೀರಿ ಮೇಷ್ಟ್ರೇ" ಅಂದರು. ನಾನೂ ಗಾಡಿ ಸ್ಟಾರ್ಟ್ ಮಾಡದೆ ಅಷ್ಟು ದೂರ ತಳ್ಳಿಕೊಂಡೇ ಬಂದೆ.

ನಾನು ರಿಟೈರಾಗುವ ಮುಂಚಿನ ವರ್ಷ ಅವರಿಗೆ ಕುಣಿಗಲ್ ತಾಲ್ಲೂಕಿಗೆ, ಯಡಿಯೂರಿನ ಹತ್ತಿರದ ಅವರ ಸ್ವಂತ ಊರಿನ ಕಡೆಗೇ ವರ್ಗವಾಯಿತು. ಕೊನೆಯ ದಿನ ಶಾಲು, ಹಾರ, ಭಾಷಣ ಎಲ್ಲ ಆಯಿತು. ಅಷ್ಟು ಹೊತ್ತಿಗೆ ಇಡೀ ಶಾಲೆಯೇ ಸಂಘದಲ್ಲಿತ್ತು. ಹೋಗುವಾಗ ಮೇಡಂ ಗಿಡದ ಹತ್ತಿರ ನಿಲ್ಲುತ್ತಾರೆ ಅಂತ ನಾವು ಮೇಷ್ಟ್ರುಗಳು ಮೊಬೈಲ್ ಹಿಡಿದು ಕಾದಿದ್ದೆವು. ಅವರು ಚೀಲ ಹೆಗಲಿಗೇರಿಸಿ, ಗಿಡದ ಕಡೆ ತಿರುಗಿಯೂ ನೋಡದೆ ನೆಟ್ಟಗೆ ರಸ್ತೆಗೆ ನಡೆದರು. ನಾನು ಹಿಂದೆ ಓಡಿದೆ.

"ಏನ್ ತಾಯಿ, ಒಂದ್ಸಲ ಮುಟ್ಟಿ ಹೋಗಲ್ವಾ?"

"ನಾನ್ ಹೋಗಿ ಮುಟ್ಟಿ ಕಣ್ಣೀರಾಕಿದ್ರೆ ಅದು ಗೌರಮ್ಮ ಮೇಡಂ ಗಿಡ ಆಗ್ಬಿಡುತ್ತೆ ಮೇಷ್ಟ್ರೇ. ನಾಳೆಯಿಂದ ಮೇಡಂ ಇಲ್ಲ ಅಂತ ನೀರು ತಪ್ಪುತ್ತೆ. ಅವ್ರದಾಗೇ ಇರ್ಲಿ ಬಿಡಿ."

ತುಮಕೂರಿನ ಬಸ್ಸು ಬಂತು. ಅವರು ಹತ್ತಿದರು, ಕಿಟಕಿಯಿಂದ ಒಮ್ಮೆ ಕೈ ಎತ್ತಿದರು, ಬಸ್ಸು ತಿರುವಿನಲ್ಲಿ ಮರೆಯಾಯಿತು.

ನನ್ನ ಹಿಂದೆ ಆಗಲೇ ಜಗಳ ಹತ್ತಿಕೊಂಡಿತ್ತು.

"ನಿನ್ನೆ ನೀನೇ ನೀರು ಹಾಕಿದ್ದೆ ಕಣೇ, ಇವತ್ತು ನಂದು!"

"ಹೋಗಲೇ, ಮಿಸ್ ಹೋಗೋ ದಿನ ನಂದು ಅಂತ ಮೊದ್ಲೇ ಹೇಳಿರ್ಲಿಲ್ವಾ!"

ತಿರುಗಿ ನೋಡಿದೆ. ಮಕ್ಕಳೆಲ್ಲ ಬೇಲಿಯ ಸುತ್ತ ಮುತ್ತಿಕೊಂಡಿದ್ದರು. ಬಸ್ಸು ಹೋದ ದಾರಿಯ ಕಡೆ ಒಬ್ಬರೂ ನೋಡುತ್ತಿರಲಿಲ್ಲ.