ಅಕ್ಕನ ಪಾಸ್‌ವರ್ಡ್ ನನ್ನ ಹತ್ತಿರವೂ ಇತ್ತು

ಸಿದ್ಧರಾಜು ನಿನ್ನನ್ನು ಬೇಡ ಅನ್ನಲಿಲ್ಲ ಅಕ್ಕ. ಬೇಡ ಅಂದವನು ನಾನು — ನಿನ್ನ ಪಾಸ್‌ವರ್ಡ್ ಹಾಕಿ ಒಳಗೆ ಹೋಗಿ, ನಿನ್ನ ಹೆಸರಿನಲ್ಲಿ, ನೀನೇ ಬರೆದ ಹಾಗೆ ಬರೆದು. ಇಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿನ್ನ ಮನೆಯಲ್ಲಿ ಕೂತು ಕಾಫಿ ಕುಡಿದಿದ್ದೇನೆ, ಇನ್ನೊಂದು ಲೋಟ ಕೊಡು ಅಂತಲೂ ಕೇಳಿದ್ದೇನೆ. ಈ ಭಾನುವಾರ ನಿನ್ನ ಮನೆಗೆ ಬಂದು ಹೇಳುವಾಗ ಬಾಯಿ ಕಟ್ಟಿಹೋದರೆ ಅನ್ನುವ ಭಯಕ್ಕೆ ಮೊದಲು ಇಲ್ಲಿ ಬರೆದುಕೊಳ್ಳುತ್ತಿದ್ದೇನೆ.

ಮೊನ್ನೆ ಫೋನ್ ಮಾಡಿದೆಯಲ್ಲ — “ಮೂರ್ತಿ, ಹೊಸ ಫೋನಲ್ಲಿ ಆ ಪಾಸ್‌ವರ್ಡ್ ಆಪ್ ಸರಿಯಾಗಿ ಓಪನ್ನೇ ಆಗ್ತಿಲ್ಲ ಕಣೋ. ಬೇರೆ ಯಾವ್ದಾದ್ರೂ ಒಳ್ಳೇದು ನೋಡಿ ಹಾಕ್ಕೊಡು. ನಂಗೆಲ್ಲಿ ಗೊತ್ತಾಗತ್ತೆ ಅದೆಲ್ಲ.” ಆಯ್ತು ಅಕ್ಕ ಅಂದೆ. ಫೋನ್ ಇಟ್ಟೆ. ಆ ಹಳೆಯ ಆಪನ್ನು ಆರಿಸಿಕೊಟ್ಟವನೂ ನಾನೇ, ಎಲ್ಲ ಶುರುವಾದದ್ದೂ ಅಲ್ಲಿಂದಲೇ.

ಮೇಟಗಳ್ಳಿಯ ಫ್ಯಾಕ್ಟರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ಅದಕ್ಕೇ ನಮ್ಮ ನೆಂಟರಲ್ಲಿ ಯಾರ ಫೋನ್ ಕೈಕೊಟ್ಟರೂ ಮೂರ್ತಿಯನ್ನು ಕರೀರಿ ಅನ್ನುತ್ತಾರೆ, ನನಗೂ ಅದರ ಕೊಬ್ಬು ಸ್ವಲ್ಪ ಇತ್ತು. ನಿನ್ನ ಫೇಸ್‌ಬುಕ್‌ಗೆ ಯಾರೋ ನುಗ್ಗಿ ನೆಂಟರಿಗೆಲ್ಲ ಏನೇನೋ ಕಳಿಸಿದಾಗ ನೀನು ಹೆದರಿಹೋಗಿದ್ದೆ. ಎಲ್ಲದಕ್ಕೂ ಒಂದೇ ಪಾಸ್‌ವರ್ಡ್ ಇಟ್ಟುಕೊಂಡಿದ್ದೆ, ತೀರಿಹೋದ ಭಾವನ ಹೆಸರು. ನಾನು ಲಕ್ಷ್ಮೀಪುರಂ ಮನೆಗೆ ಬಂದು, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿಟ್ಟು ದೊಡ್ಡ ಭಾಷಣವನ್ನೇ ಬಿಗಿದೆ. ಎಲ್ಲ ಪಾಸ್‌ವರ್ಡೂ ಒಂದು ಆಪ್‌ನಲ್ಲಿ ಇರುತ್ತೆ, ಮೊಬೈಲಿಗೂ ಆಗುತ್ತೆ ಕಂಪ್ಯೂಟರಿಗೂ ಆಗುತ್ತೆ, ಅದನ್ನು ತೆರೆಯುವ ಒಂದೇ ಒಂದು ಪಾಸ್‌ವರ್ಡ್ ನೆನಪಿಟ್ಟುಕೋ ಸಾಕು. ಇಂಟರ್‌ನೆಟ್ಟಿನಲ್ಲಿ ಸಿಕ್ಕವರಿಗೆ ನಿನ್ನ ಫೋನ್ ನಂಬರ್ ಮಾತ್ರ ಕೊಡಲೇಬೇಡ ಅಂತಲೂ ಹೇಳಿದೆ. ನಾನು ಹೇಳಿದ್ದೆಲ್ಲವನ್ನೂ ನೀನು ಚಾಚೂ ತಪ್ಪದೆ ಪಾಲಿಸಿದೆ.

“ಆ ಒಂದೂ ಮರ್ತೋದ್ರೆ?” ಅಂತ ನೀನು ಕೇಳಿದೆ.

ಮರೆತರೆ ಆ ಕಂಪನಿಯವರಿಗೂ ತೆಗೆಯಲು ಆಗುವುದಿಲ್ಲ ಅಂದೆ. ನಿನ್ನ ಮುಖ ಬಿಳಿಚಿಕೊಂಡಿತು.

ಆಗ ನನ್ನ ಮುಂದೆ ಎರಡು ಆಪ್ ಇದ್ದವು ಅಕ್ಕ. ಒಂದರಲ್ಲಿ, ಮರೆತರೆ ತೆರೆದುಕೊಡಲಿ ಅಂತ ನೀನು ನಂಬುವ ಒಬ್ಬರ ಹೆಸರು ಕೊಡಬಹುದಿತ್ತು. ಅವರು ತೆರೆಯಲು ಕೇಳಿದರೆ ನಿನಗೆ ತಕ್ಷಣ ಸುದ್ದಿ ಬರುತ್ತೆ, ಕೆಲವು ದಿನ ಕಾಯಬೇಕು, ಅಷ್ಟರಲ್ಲಿ ನೀನು ಬೇಡ ಅಂದರೆ ಬೇಡ. ಇನ್ನೊಂದರಲ್ಲಿ ಅದಿರಲಿಲ್ಲ, ಪಾಸ್‌ವರ್ಡನ್ನೇ ಇನ್ನೊಬ್ಬರಿಗೆ ಹೇಳಿಟ್ಟಿರಬೇಕು. ಪಾಸ್‌ವರ್ಡ್ ಗೊತ್ತಿದ್ದವನು ಸೀದಾ ಒಳಗೆ ಹೋಗಬಹುದು, ಅಷ್ಟೆ. ಮೊದಲನೆಯದನ್ನು ಬಿಟ್ಟು ನಾನು ಎರಡನೆಯದನ್ನು ಹಾಕಿದೆ. “ಅದು ಬರೀ ಕಿರಿಕಿರಿ ಅಕ್ಕ, ಪ್ರತಿಸಲ ಕಾಯ್ತಾ ಕೂರ್ಬೇಕು” ಅಂತ ಸುಳ್ಳು ನೆಪ ಹೇಳಿದೆ. ನಿಜವಾಗಿ, ನಿನ್ನ ಅಪ್ಪಣೆ ಕೇಳಬೇಕಾಗಿ ಬರುವುದೇ ನನಗೆ ಕಿರಿಕಿರಿಯಾಗಿತ್ತು.

“ಮನೆ ಕೀ ಒಂದು ನಿನ್ನ ಹತ್ರ ಇರಲ್ವಾ? ಹಾಗೇ ಇದೂ ಇರ್ಲಿ ಬಿಡೋ” ಅಂದೆ ನೀನು. ಯಾರೂ ನೋಡದ ಹಾಗೆ ಟೈಪ್ ಮಾಡು ಅಂತ ನಾನು ಅದೇ ತಾನೇ ಹೇಳಿದ್ದೆ — ನೀನು ಒಂದೊಂದೇ ಅಕ್ಷರವನ್ನು ನನಗೆ ಕೇಳುವ ಹಾಗೆ ಜೋರಾಗಿ ಹೇಳುತ್ತಾ ಒತ್ತಿದೆ. ನಾನು ಎದ್ದು ಹೋಗಲಿಲ್ಲ.

ಆಮೇಲೆ ಅಮ್ಮನಿಗೆ ಲಕ್ವ ಹೊಡೆಯಿತು. ಎಡಗೈ ಎಡಗಾಲು ಬಿದ್ದುಹೋದವು. ನೀನು ಒಬ್ಬಳೇ ಎತ್ತಿ, ಒರೆಸಿ, ತಿನ್ನಿಸಿ ನೋಡಿಕೊಂಡೆ. ನಾನು ವಿಜಯನಗರದ ನನ್ನ ಮನೆಯಿಂದ ವಾರಕ್ಕೊಮ್ಮೆ ಹಣ್ಣು ತಂದಿಟ್ಟು, ಅಮ್ಮನ ಹಣೆ ಮುಟ್ಟಿ ಹೋಗುತ್ತಿದ್ದೆ. ಒಂದು ದಿನ ನೀನು ಅಮ್ಮನ ರಕ್ತಪರೀಕ್ಷೆಯ ರಿಪೋರ್ಟ್ ಡೌನ್‌ಲೋಡ್ ಮಾಡು ಅಂದೆ. ನಾನು ಆಫೀಸಿನಲ್ಲಿ ಕೂತು ನಿನ್ನ ಪಾಸ್‌ವರ್ಡ್ ಆಪ್ ತೆರೆದೆ. ಲ್ಯಾಬಿನ ಹೆಸರಿನ ಕೆಳಗೇ ಇನ್ನೊಂದು ಹೆಸರು ಕಾಣಿಸಿತು. ಎರಡನೇ ಮದುವೆಗೆ ಸಂಬಂಧ ನೋಡುವ ವೆಬ್‌ಸೈಟು.

ಅಲ್ಲೇ ಮುಚ್ಚಬೇಕಿತ್ತು. ಮುಚ್ಚಲಿಲ್ಲ —

ನಿನ್ನ ಮಾತುಗಳನ್ನೆಲ್ಲ ಓದಿದೆ ಅಕ್ಕ. ಅವರದ್ದೂ ಓದಿದೆ. ಸಿದ್ಧರಾಜು, ತೋಟಗಾರಿಕೆ ಇಲಾಖೆಯಲ್ಲಿದ್ದು ನಿವೃತ್ತರಾದವರು, ಹೆಂಡತಿ ತೀರಿಕೊಂಡಿದ್ದರು. ನೀನು ನಿನ್ನ ಕರಿಬೇವಿನ ಗಿಡ ಒಣಗುತ್ತಿದೆ ಅಂತ ಬರೆದಿದ್ದೆ. ಹುಳಿ ಮಜ್ಜಿಗೆಗೆ ನೀರು ಬೆರೆಸಿ ಬುಡಕ್ಕೆ ಹಾಕಿ ನೋಡಿ ಮೇಡಂ ಅಂದಿದ್ದರು. ಚಿಗುರಿತು ಅಂತ ನೀನು ಫೋಟೋ ಕಳಿಸಿದ್ದೆ. “ನಾನು ತುಂಬಾ ಜೋರಾಗಿ ನಗ್ತೀನಿ, ಪರವಾಗಿಲ್ವಾ?” ಅಂತ ಕೇಳಿದ್ದೆ. “ಈ ಮನೇಲಿ ನಗು ಕೇಳಿ ಬಾಳ ದಿನ ಆಯ್ತು. ಜೋರಾಗೇ ನಗಿ” ಅಂತ ಅವರು ಬರೆದಿದ್ದರು. ಬರುವ ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಗೇಟಿನ ಹತ್ತಿರ ಸಿಗುವುದು ಅಂತ ಮಾತಾಗಿತ್ತು. ಕೊನೆಯಲ್ಲಿ ನೀನು ಬರೆದಿದ್ದೆ — “ಅಮ್ಮನ ಚಿಂತೆ ಬೇಡ. ನನ್ನ ತಮ್ಮ ಇದಾನೆ, ನೋಡ್ಕೋತಾನೆ. ಕೇಳಿದ್ರೆ ಇಲ್ಲ ಅನ್ನೋನಲ್ಲ.”

ಆ ಸಾಲು ಓದಿ ನನ್ನ ಜೀವ ಬಾಯಿಗೆ ಬಂತು. ಅವರ ಜಾತಿ ಬೇರೆ, ಅರಮನೆ ಚಾಕರಿ ಮಾಡಿದ ಮನೆತನ ನಮ್ಮದು, ಜನ ಏನಂತಾರೆ, ಅಮ್ಮ ತಡೆದುಕೊಳ್ಳುತ್ತಾಳಾ — ಏನೆಲ್ಲ ಹೇಳಿಕೊಂಡೆ ನನಗೆ ನಾನೇ! ಒಂದೂ ನಿಜವಲ್ಲ. ನಿಜ ಇಷ್ಟೇ: ನೀನು ಹೋದರೆ ಅಮ್ಮನ ಬಟ್ಟೆ ನಾನು ಬದಲಾಯಿಸಬೇಕಾಗುತ್ತಿತ್ತು. ಹೆತ್ತ ತಾಯಿಯ ಮೈ ತೊಳೆಯಲು ಹೇಸಿದವನು ಅಕ್ಕನ ಬಾಳಿಗೆ ಅಡ್ಡ ಬಂದ. ಥೂ ನನ್ನ ಜನ್ಮಕ್ಕೆ.

“ಈ ವಿಚಾರ ನನಗೆ ಬೇಡ. ಯೋಚನೆ ಮಾಡಿದೆ, ಸರಿಹೋಗುವುದಿಲ್ಲ. ದಯವಿಟ್ಟು ಮತ್ತೆ ಬರೆಯಬೇಡಿ.” ಹೀಗಂತ ನಿನ್ನ ಹೆಸರಿನಿಂದ ಕಳಿಸಿದೆ. ಅವರು ಓದುವವರೆಗೂ ಕಾದು, ಆಮೇಲೆ ಬ್ಲಾಕ್ ಮಾಡಿದೆ. ಅವರ ಹೆಸರು, ಮಾತು, ಕರಿಬೇವಿನ ಫೋಟೋ, ನಾನು ಕಳಿಸಿದ ಆ ಸಾಲು ಎಲ್ಲವೂ ನಿನ್ನ ಕಡೆಯಿಂದ ಮಾಯವಾದವು. ಅವರ ನಂಬರ್ ನಿನ್ನ ಹತ್ತಿರ ಇರಲಿಲ್ಲ, ನಿನ್ನದು ಅವರ ಹತ್ತಿರ ಇರಲಿಲ್ಲ. ನಂಬರ್ ಕೊಡಬೇಡ ಅಂತ ತಮ್ಮ ಹೇಳಿದ್ದನಲ್ಲ.

ಆ ಭಾನುವಾರ ನೀನು ನನ್ನನ್ನೇ ಕರೆದೆ — ಸ್ವಲ್ಪ ಹೊರಗೆ ಹೋಗಿಬರ್ತೀನಿ, ಅಮ್ಮನ ಹತ್ರ ಇರ್ತೀಯಾ ಅಂತ. ಬಂದೆ. ಅವರ ಹೆಸರು ಕಾಣಿಸುತ್ತಿಲ್ಲ ಅಂತ ನಿನಗೆ ಗೊತ್ತಿತ್ತು, ಆದರೂ ಮಾತು ಕೊಟ್ಟಿದ್ದಾರೆ, ಬಂದೇ ಬರುತ್ತಾರೆ ಅಂತ ಹೊರಟಿದ್ದೆ. ನವಿಲು ಬಣ್ಣದ ಕ್ರೇಪ್ ಸೀರೆ ಉಟ್ಟಿದ್ದೆ. ಹಿತ್ತಲಿಗೆ ಹೋಗಿ ಕರಿಬೇವಿನ ಚಿಗುರು ಒಂದನ್ನು ಕಿತ್ತು, ಕಾಗದದಲ್ಲಿ ಸುತ್ತಿ ಬ್ಯಾಗಿನಲ್ಲಿ ಇಟ್ಟುಕೊಂಡೆ. ನಾನು ನೋಡುತ್ತಲೇ ಇದ್ದೆ. “ಶಾರದ ಎಲ್ಲೋ?” ಅಂತ ಅಮ್ಮ ತೊದಲುತ್ತಾ ಕೇಳಿದಳು. ವಾಕಿಂಗ್ ಹೋಗಿದಾಳಮ್ಮ ಅಂದೆ. ಬಿಸಿಲು ಏರಿದ ಮೇಲೆ ನೀನು ಬಂದೆ. ಸೀರೆ ಬದಲಾಯಿಸಿ ಅಡುಗೆಮನೆಗೆ ಹೋದೆ. ಬ್ಯಾಗಿನಿಂದ ಆ ಬಾಡಿದ ಚಿಗುರು ತೆಗೆದು ಸಾರಿನ ಒಗ್ಗರಣೆಗೆ ಹಾಕಿದೆ. ಆ ಸಾರನ್ನು ನಾನು ಎರಡು ಸಲ ಬಡಿಸಿಕೊಂಡು ಉಂಡೆ.

ಅಮ್ಮ ನಿನ್ನ ತೊಡೆಯ ಮೇಲೆಯೇ ಜೀವ ಬಿಟ್ಟಳು. ವೈಕುಂಠ ಸಮಾರಾಧನೆಯ ದಿನ ನೆಂಟರೆಲ್ಲ ಹೋದ ಮೇಲೆ ನೀನು ಮೆಲ್ಲಗೆ ಹೇಳಿದೆ. “ಒಬ್ರಿದ್ರು ಕಣೋ. ಬರ್ತೀನಿ ಅಂದ್ರು, ಬರ್ಲಿಲ್ಲ. ನಾನು ಜೋರಾಗಿ ನಗ್ತೀನಿ ಅಂತ ಬರೆದಿದ್ದೆ. ಅದಕ್ಕೇ ಏನೋ... ಯಾರನ್ನೂ ನಂಬೋಕಾಗಲ್ಲ ಮೂರ್ತಿ. ನಿನ್ನೊಬ್ಬನ್ನ ಬಿಟ್ರೆ.”

ಆವಾಗಲಾದರೂ ಹೇಳಬಹುದಿತ್ತು. ಕಾಫಿ ಮಾಡು ಅಕ್ಕ ಅಂದೆ.

ಆಮೇಲೆ ನಾನು ಗಮನಿಸಿದ್ದೇನೆ — ನೀನೀಗ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತೀಯ. ಬೀದಿ ತುದಿಯವರೆಗೂ ಕೇಳುತ್ತಿದ್ದ ನಗು ಅದು. ಹೋದ ವಾರ ತಡೆಯಲಾರದೆ, ಆ ಬ್ಲಾಕ್ ತೆಗೆದುಬಿಡೋಣ ಅಂತ ಒಳಗೆ ಹೋದೆ — ಮತ್ತೆ ನಿನ್ನದೇ ಪಾಸ್‌ವರ್ಡ್ ಹಾಕಿ, ನೋಡು, ಬುದ್ಧಿ ಬಂತಾ ನನಗೆ? ಸಿದ್ಧರಾಜು ಅವರ ಖಾತೆಯೇ ಇಲ್ಲ ಈಗ. ಎಲ್ಲಿದ್ದಾರೋ, ಹೇಗಿದ್ದಾರೋ. ನೀನೇ ಬೇಡ ಅಂದೆ ಅಂತಲೇ ತಿಳಿದುಕೊಂಡು ಹೋಗಿದ್ದಾರೆ. ಅದನ್ನು ನಾನು ಸರಿ ಮಾಡಲಾರೆ.

ನಿನ್ನ ಹೊಸ ಫೋನಿಗೆ ಯಾವ ಆಪ್ ಹಾಕಬೇಕು ಅಂತ ನೋಡಿದ್ದೇನೆ. ಅವತ್ತು ನಾನು ಕಿರಿಕಿರಿ ಅಂತ ಬಿಟ್ಟೆನಲ್ಲ, ಅದೇ. ಭಾನುವಾರ ಬಂದು ಮೊದಲು ನಿನ್ನ ಮನೆಯ ಕೀ ಮೇಜಿನ ಮೇಲೆ ಇಡುತ್ತೇನೆ. ಇಷ್ಟನ್ನೂ ಬಾಯಲ್ಲಿ ಹೇಳುತ್ತೇನೆ. ನೀನು ಬೈದರೆ ಬೈಸಿಕೊಳ್ಳುತ್ತೇನೆ, ಬಾಗಿಲು ತೋರಿಸಿದರೆ ಹೋಗುತ್ತೇನೆ. ಹೊಸ ಪಾಸ್‌ವರ್ಡ್ ನೀನು ಒಬ್ಬಳೇ ಕೂತು ಹಾಕಿಕೊಳ್ಳಬೇಕು ಅಕ್ಕ, ಬಾಯಿಬಿಟ್ಟು ಹೇಳದೆ.

ಆಮೇಲೆ ಆ ಆಪ್ ಒಂದು ಪ್ರಶ್ನೆ ಕೇಳುತ್ತದೆ — ನೀವು ನಂಬುವ ಒಬ್ಬರ ಹೆಸರು ಕೊಡಿ ಅಂತ. ಇದ್ಯಾವುದನ್ನೂ ಹೇಳದೆ ನಾನು ಫೋನ್ ನಿನ್ನ ಕೈಗೆ ಕೊಟ್ಟುಬಿಟ್ಟರೆ, ನೀನು ಒಂದು ಕ್ಷಣವೂ ಯೋಚಿಸದೆ ನನ್ನ ಹೆಸರೇ ಬರೆಯುತ್ತೀಯ.