ಮಗ್ಗದ ಸದ್ದಿನಲ್ಲಿ ಲೆಟ್ಟಿ ಹೇಳಿದ ಕಾದಂಬರಿ

ಒಂದೂ ಕಾದಂಬರಿ ಓದದೆ ಮನುಷ್ಯರ ಒಳಗನ್ನೆಲ್ಲ ಬಲ್ಲವನು ಇಂಗ್ಲೆಂಡಿನ ನಮ್ಮ ನೆಲ್ಸನ್ ಊರಿನಲ್ಲಿ ನಾನೊಬ್ಬನೇ. ಹತ್ತಿಗಿರಣಿಯಲ್ಲಿ ಮಗ್ಗ ರಿಪೇರಿಯ ಮೇಸ್ತ್ರಿಯಾಗಿದ್ದೆ. ಮಹಾಯುದ್ಧಕ್ಕೆ ಮುಂಚಿನ ಮಾತು. ನಮ್ಮ ಮಗ್ಗದ ಶೆಡ್ಡಿನ ಸದ್ದು ಕೇಳಿ ಗುಡುಗು ಕೂಡ ಬಾಗಿಲಿಂದಲೇ ನಾಚಿ ವಾಪಸು ಹೋಗುತ್ತಿತ್ತು. ಹಾಗಾಗಿ ನೇಕಾರ ಹೆಂಗಸರು ದನಿಯಿಲ್ಲದೆ ತುಟಿಗಳನ್ನು ಅಗಲವಾಗಿ ಆಡಿಸಿ ಮಾತಾಡುತ್ತಿದ್ದರು. ಎದುರಿನವರು ನೋಡಿಯೇ ತಿಳಿದುಕೊಳ್ಳುತ್ತಿದ್ದರು. ದೂರದ ಪೆಂಡಲ್ ಗುಡ್ಡದಲ್ಲಿ ಮೇಯುವ ಕುರಿ ಯಾರನ್ನು ಬೈಯುತ್ತಿದೆಯೆಂದು ನಾನು ಇಲ್ಲಿಂದಲೇ ಹೇಳಬಲ್ಲೆ.

ಈ ತುಟಿಮಾತಿನಲ್ಲಿ ನೇಕಾರ ಲೆಟ್ಟಿ ಪಿಲ್ಲಿಂಗ್‌ಳನ್ನು ಮೀರಿಸುವವರಿರಲಿಲ್ಲ. ಅವಳ ಮಗಳು ಐಡಾ ಸ್ಕಾಲರ್‌ಶಿಪ್ ಗೆದ್ದು, ದೊಡ್ಡವರ ಮಕ್ಕಳು ಓದುವ ಶಾಲೆ ಸೇರಿದ್ದಳು. ವರ್ಷ ಕಳೆಯುವಷ್ಟರಲ್ಲಿ ಬೀದಿಯಲ್ಲಿ ಅಮ್ಮನನ್ನು ಕಂಡರೆ ಆಚೆ ಬದಿಗೆ ದಾಟತೊಡಗಿದಳು. ಬೀದಿಯಲ್ಲೂ ಬಾಯಿ ಅಗಲಿಸಿ ಮಾತಾಡುವ ಅಮ್ಮನೆಂದರೆ ನಾಚಿಕೆ. ಶಾಲೆಯ ಬಹುಮಾನದ ದಿನ ಬರಲೇಬೇಡ ಎಂದಳು.

"ಎರಡು ಬಿಗಿದು ಶೆಡ್ಡಿಗೆ ಕರ್ಕೊಂಡು ಬಾ. ಸರಿಹೋಗ್ತಾಳೆ," ಎಂದೆ ನಾನು, ಚಹಾದ ಬಿಡುವಿನಲ್ಲಿ.

"ಮಗ್ಗಾನೂ ನೀನು ಹಾಗೇ ರಿಪೇರಿ ಮಾಡೋದು ಅಂತ ಗೊತ್ತು ಬಿಡು," ಎಂದಳು ಲೆಟ್ಟಿ. "ಅದಕ್ಕೇ ನನ್ನದೊಂದು ಇನ್ನೂ ಕುಂಟ್ತಿದೆ."

ಆ ವಾರ ಸಹಕಾರ ಸಂಘದ ವಾಚನಾಲಯದಿಂದ ಅವಳೊಂದು ಕಾದಂಬರಿ ತಂದಳು. ಗಣಿ ಕೂಲಿಯವನ ಮಗ ದೊಡ್ಡವರ ನಡುವೆ ಓದಿ ಬೆಳೆಯುವ ಕಥೆ. ಸಂಜೆ ಓದಿದ್ದನ್ನು ಬೆಳಿಗ್ಗೆ ಲಾಳಿ ಓಡುತ್ತಿರುವಾಗ ತುಟಿಯಲ್ಲೇ ಹೇಳುವಳು. ಇಡೀ ಶೆಡ್ಡು ಅವಳ ಬಾಯಿ ನೋಡುತ್ತಿತ್ತು. ಒಂದು ದಿನ ಕಥೆಯ ಗಣಿಯಲ್ಲಿ ಮುಷ್ಕರ. ಹುಡುಗ ಧಣಿಯ ಮನೆಯಲ್ಲಿ ಊಟಕ್ಕೆ ಕೂತಿದ್ದಾನೆ, ಗೇಟಿನಾಚೆ ಅವನಪ್ಪ ನಿಂತಿದ್ದಾನೆ. ಹುಡುಗ ಕಿಟಕಿಯಿಂದ ನೋಡಿ, ಗುರುತೇ ಇಲ್ಲದವನಂತೆ ಮುಖ ತಿರುಗಿಸಿದ. ಆ ದಿನದ ಬಟ್ಟೆ ಕಣ್ಣೀರಿಗೆ ಎಷ್ಟು ತೊಯ್ದಿತೆಂದರೆ, ಗಿರಣಿಯವರು ಅದನ್ನು ಒಗೆದ ಬಟ್ಟೆ ಎಂದೇ ಮಾರಿದರು.

"ಆ ಹುಡುಗನಿಗೂ ಎರಡು ಬಿಗೀಬೇಕು," ಎಂದೆ.

"ನಾನೂ ಹಾಗೇ ಅಂದ್ಕೊಂಡೆ. ಪುಟ ತಿರುಗಿಸಿದ್ರೆ, ಅವನು ತಟ್ಟೆ ಪಕ್ಕಕ್ಕೆ ಸರಿಸಿಬಿಟ್ಟಿದ್ದಾನೆ ಕಣೋ. ಅಪ್ಪನ್ನ ಕಂಡು ನಾಚಿಕೆ, ಹಾಗೆ ನಾಚಿಕೊಂಡೆನಲ್ಲಾ ಅಂತ ಇನ್ನೂ ನಾಚಿಕೆ. ಇಷ್ಟು ದಿನ ನಾನು ಐಡಾಳ ಬೆನ್ನು ಮಾತ್ರ ನೋಡ್ತಿದ್ದೆ. ಬೆನ್ನಿಗೆ ತುಟಿ ಎಲ್ಲಿರುತ್ತೆ, ಓದೋಕೆ?"

ಕೊನೆಯ ಅಧ್ಯಾಯವನ್ನು ಅವಳು ಶೆಡ್ಡಿಗೆ ಹೇಳಲೇ ಇಲ್ಲ. ಬೇಕಾದವರು ಓದಿಕೊಳ್ಳಲಿ ಎಂದಳು. ಮಗಳನ್ನು ಬೈಯಲೂ ಇಲ್ಲ. ಪುಸ್ತಕವನ್ನು ಅವಳ ದಿಂಬಿನ ಬಳಿ ಇಟ್ಟಳು. ಮಗಳು ನಾಲ್ಕು ದಿನದಲ್ಲಿ ಅದನ್ನು ಓದಿ ಮುಗಿಸಿದಳು. ಆಮೇಲೆ ಐಡಾ, "ಶನಿವಾರ ಬಹುಮಾನಕ್ಕೆ ಬಾ ಅಮ್ಮ. ಆದ್ರೆ ಹಿಂದೆ ಕೂತ್ಕೋ," ಎಂದಳಂತೆ.

ಲೆಟ್ಟಿಯ ಜೊತೆಗೆ ನಾನೂ ಹೋದೆ. ಗಿರಣಿ ಧಣಿಯ ಹೆಂಡತಿಯ ಕೈಯಿಂದ ಬಹುಮಾನ ತೆಗೆದುಕೊಂಡ ಐಡಾ ವೇದಿಕೆಯ ಮೇಲೇ ನಿಂತಳು. ಕೊನೆಯ ಸಾಲಿನತ್ತ ತಿರುಗಿ, ಅಷ್ಟೂ ದೊಡ್ಡವರ ಮುಂದೆ, ದನಿಯಿಲ್ಲದೆ, ತುಟಿ ಅಗಲಿಸಿ ಹೇಳಿದಳು: "ಅಮ್ಮ, ನಿನ್ನ ಟೋಪಿ ಓರೆಯಾಗಿದೆ. ಹೊರಗೆ ಕಾಯ್ತಿರು, ಒಟ್ಟಿಗೆ ಹೋಗೋಣ."

ದೊಡ್ಡವರು ಪಾಪ, ಹುಡುಗಿಗೆ ಹಲ್ಲುನೋವು ಎಂದುಕೊಂಡರು. ನನ್ನ ಕಣ್ಣಿಗೆ ಹತ್ತಿಯ ಧೂಳು ಬಿತ್ತು. ಗಿರಣಿ ಅಲ್ಲಿಂದ ಒಂದು ಮೈಲಿ ದೂರವಿತ್ತು, ಗಾಳಿಯೂ ಇರಲಿಲ್ಲ.

ಸೋಮವಾರ ಲೆಟ್ಟಿಯ ಕುಂಟು ಮಗ್ಗ ಸರಿಮಾಡಿ, ಮೆಲ್ಲಗೆ ಕೇಳಿದೆ: "ಆ ಪುಸ್ತಕ ಒಂದು ವಾರ ಕೊಡ್ತೀಯಾ? ಸುಮ್ನೆ, ಕೊನೆಗೆ ಏನಾಯ್ತು ಅಂತ ನೋಡೋಕೆ."

"ತಗೋ ಮಾರಾಯ," ಎಂದಳು. "ಆದ್ರೆ ಓದುವಾಗ ತುಟಿ ಅಲ್ಲಾಡಿಸಬೇಡ. ಇಡೀ ಶೆಡ್ಡಿಗೆ ಕೊನೆ ಗೊತ್ತಾಗಿಬಿಡುತ್ತೆ."