ಬೆಳ್ಳಿ ಮುಖ ಯಾವ ಕಡೆ

ನನ್ನ ಸೋದರಮಾವನನ್ನು ಬೀದಿಯವರೆಲ್ಲ ಥಂಡಿ ಮಾವ ಎನ್ನುತ್ತಿದ್ದರು. ನಿಜವಾದ ಸೋದರಸೊಸೆ ನಾನೊಬ್ಬಳೇ, ಆದರೂ ಪೇಪರ್ ಹಾಕುವವನಿಗೂ ಇಸ್ತ್ರಿಯವನಿಗೂ ಅವನು ಮಾವನೇ. ಮೀನು, ಹಣ್ಣು ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಇಪ್ಪತ್ತಾರು ವರ್ಷ ಗೋಡೆ ಕಾಯ್ದವನು. ಹೊರಗಿನ ಸೆಕೆ ಒಳಗೆ ಬರಬಾರದು, ಒಳಗಿನ ಥಂಡಿ ಹೊರಗೆ ಹೋಗಬಾರದು, ನಡುವಿನ ಗೋಡೆ ಒದ್ದೆಯಾಗಬಾರದು. ಅವನ ಕೆಲಸ ಅಷ್ಟೇ. ಊರೆಲ್ಲ ಬೆವರಲ್ಲಿ ಮೀಯುವ ಮಧ್ಯಾಹ್ನದಲ್ಲೂ ಅವನ ಹೆಗಲ ಮೇಲೆ ಒಂದು ಮಾಸಿದ ಸ್ವೆಟರ್ ಇರುತ್ತಿತ್ತು. ಬೀದಿ ತುದಿಯ ಬಾಡಿಗೆ ಕೋಣೆಯಲ್ಲಿ ಒಂಟಿಯಾಗಿದ್ದ. ಊಟ ತಿಂಡಿಯೆಲ್ಲ ನಮ್ಮಲ್ಲೇ.

ಯಾರ ಮನೆಗೆ ಹೋದರೂ ಕೂರುವ ಮೊದಲು ಅಂಗೈ ಮಗುಚಿ ಗೋಡೆಗೆ ಒತ್ತಿ ನೋಡುತ್ತಿದ್ದ, ಮಗುವಿನ ಜ್ವರ ನೋಡುವ ಹಾಗೆ. ಒಮ್ಮೆ ಸಾವಿನ ಮನೆಗೆ ಮಾತಾಡಿಸಲು ಹೋದವನು ಅಲ್ಲೂ ಗೋಡೆ ಮುಟ್ಟಿ, ಒಳಗೆ ಪೈಪು ಸೋರುತ್ತಿದೆ ಅಂದು ಅಮ್ಮನ ಹತ್ತಿರ ಬೈಸಿಕೊಂಡಿದ್ದ. ಪೈಪು ನಿಜಕ್ಕೂ ಸೋರುತ್ತಿತ್ತು. ಆ ಕೈಯ ಮೇಲೆ ನಮಗೆಲ್ಲ ಅಂಥ ನಂಬಿಕೆ. ಈಗ ಅದೇ ಕೈ ನನ್ನ ತಟ್ಟೆಯ ಹತ್ತಿರ ಬಂದರೆ ತಟ್ಟೆ ಆಚೆ ಸರಿಸಿಕೊಳ್ಳುತ್ತೇನೆ. ಸ್ವಂತ ಮಾವನ ಬಗ್ಗೆ ಹೀಗೆ ಬರೆಯುವುದು ಚೆಂದವಲ್ಲ, ಗೊತ್ತು. ಅವನು ಮಾಡಿದ್ದೂ ಚೆಂದವಿರಲಿಲ್ಲ.

ನಮ್ಮ ಬೀದಿಯಲ್ಲಿ ಹದಿನೆಂಟು ಮನೆ. ಎಲ್ಲವೂ ಒಂದೇ ಅಚ್ಚಿನವು, ಎಲ್ಲವೂ ಅಮ್ಮನಿಗಿಂತ ಹಳೆಯವು. ಇಟ್ಟಿಗೆ ಗೋಡೆ ಹಗಲೆಲ್ಲ ಬಿಸಿಲು ಕುಡಿದು ಸಂಜೆ ನಮ್ಮ ಮೇಲೆ ಕಾರುತ್ತದೆ. ಗಾಳಿಯಲ್ಲಿ ಎಷ್ಟು ನೀರಿದೆಯೆಂದರೆ ಉಪ್ಪು ಡಬ್ಬಿಯಲ್ಲೇ ಕರಗುತ್ತದೆ, ಒಗೆದ ಬಟ್ಟೆ ಎರಡು ದಿನವಾದರೂ ಹಸಿ. ಪ್ರತಿ ಮನೆಯಲ್ಲೂ ಒಂದು ಕೋಣೆಗೆ ಎ.ಸಿ., ಆ ಕೋಣೆಯಲ್ಲಿ ಮನೆಮಂದಿಯೆಲ್ಲ. ಎ.ಸಿ. ಹಗಲೂ ರಾತ್ರಿ ಗೊರಗೊರ ಎಂದರೂ ಗೋಡೆ ಮಾತ್ರ ಮೈಗೆ ತಾಗಿದರೆ ಸುಡುತ್ತದೆ.

ಇಂಥ ಬೀದಿಗೆ ಒಬ್ಬ ಗುತ್ತಿಗೆದಾರ ಬಂದ. ಹಳೇ ಮನೆಯ ಗೋಡೆಗೆ ಒಳಗಿನಿಂದ ಗಾಜಿನ ಎಳೆಗಳ ಹತ್ತಿ, ಅಂದರೆ ಗ್ಲಾಸ್ ವೂಲ್, ತುಂಬಿ ಸೆಕೆ ತಡೆಯುವ ಕೆಲಸ ಅವನದು. ಮರದ ಚೌಕಟ್ಟು ಹೊಡೆಯುವುದು, ಅದರಲ್ಲಿ ಹಳದಿ ಹತ್ತಿಯ ಹಾಸು ಕೂರಿಸುವುದು, ಮೇಲೆ ಜಿಪ್ಸಮ್ ಹಲಗೆ ಮುಚ್ಚಿ ಬಣ್ಣ ಬಳಿಯುವುದು. ಹಾಸಿನ ಒಂದು ಮುಖಕ್ಕೆ ಥಳಥಳಿಸುವ ಬೆಳ್ಳಿ ಹಾಳೆ ಅಂಟಿಸಿರುತ್ತಿತ್ತು. ಹಲಗೆ ಮುಚ್ಚುವ ಮೊದಲು ಮನೆಯವರನ್ನು ಕರೆದು ತೋರಿಸುತ್ತಿದ್ದರು. ಕೋಣೆಯೆಲ್ಲ ಬೆಳ್ಳಿ ಪಾತ್ರೆಯ ಒಳಗಿದ್ದಂತೆ ಹೊಳೆಯುತ್ತಿತ್ತು. ಜನ ಬಾಯಿ ಬಿಟ್ಟುಕೊಂಡು ನೋಡಿ ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಗುತ್ತಿಗೆದಾರನ ಮಾತಿಗೆ ನಮ್ಮ ಬೀದಿಯಲ್ಲಿ ಒಂದು ಮೊಳೆಯನ್ನೂ ಯಾರೂ ಹೊಡೆಸುತ್ತಿರಲಿಲ್ಲ. ಅವನು ಜಾಣ. ಆಗಷ್ಟೇ ರಿಟೈರಾಗಿ ನಮ್ಮ ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚುತ್ತದೋ ಇಲ್ಲವೋ ಎಂದು ದಿನಕ್ಕೆ ಹತ್ತು ಸಲ ನೋಡುತ್ತ ಅಮ್ಮನ ತಲೆ ತಿನ್ನುತ್ತಿದ್ದ ಮಾವನನ್ನು ಹಿಡಿದ. ಸೂಪರ್‌ವೈಸರ್ ಅಂತ ಹೆಸರು ಕೊಟ್ಟು ತಲೆಗೊಂದು ನೀಲಿ ಟೋಪಿ ಇಟ್ಟ. ಟೋಪಿ ಬಂದದ್ದೇ ತಡ, ಮಾವನ ನಡಿಗೆಯೇ ಬದಲಾಯಿತು. ಮನೆಮನೆಗೆ ಹೋಗಿ ಗೋಡೆಗೆ ಕೈ ಒತ್ತಿ ತಲೆಯಾಡಿಸಿದ. ಎರಡು ವರ್ಷದಲ್ಲಿ ಬೀದಿಯ ಎಲ್ಲ ಮನೆಗೂ ಹತ್ತಿ ಕೂತಿತು. ಎದುರುಮನೆ ಟೀಚರದು ನಾಲ್ಕನೆಯದು. ನಮ್ಮದು ಕೊನೆಯದು.

ನಮ್ಮನೆ ಕೆಲಸವನ್ನು ಮಾವ ಒಂದು ಭಾನುವಾರ ತಾನೊಬ್ಬನೇ ಮಾಡಿದ. ಅಕ್ಕನಿಗೆ ಧೂಳು ಆಗಿಬರುವುದಿಲ್ಲ ಅಂದು ಅಮ್ಮನನ್ನೂ ನನ್ನನ್ನೂ ಬೆಳಿಗ್ಗೆಯೇ ಚಿಕ್ಕಮ್ಮನ ಮನೆಗೆ ಅಟ್ಟಿದ. ಸಂಜೆ ಬರುವಷ್ಟರಲ್ಲಿ ಹಲಗೆ ಮುಚ್ಚಿಯಾಗಿತ್ತು. ಬೀದಿಯವರೆಲ್ಲ ಬೆಳ್ಳಿ ನೋಡಿದರು, ನಾನು ಮಾತ್ರ ನೋಡಲಿಲ್ಲ ಎಂದು ಅಮ್ಮ ಗೊಣಗಿದಳು. ಅದರಲ್ಲಿ ನೋಡುವಂಥದ್ದು ಏನಿದೆ ಅಂದುಬಿಟ್ಟ.

ಹತ್ತಿ ಕೂತ ಮೊದಲ ವರ್ಷ ಎಲ್ಲರೂ ಸುಖವಾಗಿದ್ದರು. ಮಾವ ಟೋಪಿ ಹಾಕಿಕೊಂಡು ಬೀದಿಯಲ್ಲಿ ಹೋದರೆ ಕರೆದು ಕಾಫಿ ಕೊಡುತ್ತಿದ್ದರು. ಎರಡನೆಯ ಮಳೆಗಾಲ ಮುಗಿಯುವಾಗ ಟೀಚರ ಮನೆಯಲ್ಲಿ ವಾಸನೆ ಶುರುವಾಯಿತು.

ಟೀಚರ್ ಬಗ್ಗೆ ಒಂದು ಮಾತು ಹೇಳಬೇಕು. ಬೀದಿಯ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು. ಮದುವೆಯಾಗಲಿಲ್ಲ, ಆ ಮನೆಯೇ ಅವರ ಸಂಸಾರ. ತರಗತಿಗೆ ಬಂದವರೇ ಮೊದಲು ನಮ್ಮ ಉಗುರು, ಆಮೇಲೆ ಕಿವಿಯ ಹಿಂದೆ, ಆಮೇಲೆ ಪುಸ್ತಕ. ಅವರ ಅಡುಗೆಮನೆಯ ನೆಲದ ಮೇಲೆ ಬಿದ್ದದ್ದನ್ನು ಎತ್ತಿ ತಿನ್ನಬಹುದಿತ್ತು. ಅಂಥವರ ಮಲಗುವ ಕೋಣೆಯಲ್ಲಿ ಒದ್ದೆ ಗೋಣಿಚೀಲದಲ್ಲಿ ಇಲಿ ಸತ್ತಂಥ ನಾತ. ಗೋಡೆಯ ಬುಡದಲ್ಲಿ ಕಪ್ಪು ಚುಕ್ಕಿ. ಒರೆಸಿದರೆ ನಾಲ್ಕು ದಿನಕ್ಕೆ ಮತ್ತೆ.

ಟೀಚರ್ ಮಾವನನ್ನು ಕರೆಸಿದರು. ಮಾವ ಬಂದು ಗೋಡೆಗೆ ಕೈ ಒತ್ತಿದ. ಒತ್ತಿ, ಒಳಗೆ ಬಟ್ಟೆ ಒಣಹಾಕುತ್ತೀರಾ ಎಂದು ಕೇಳಿದ. ಬಾಗಿಲು ಮುಚ್ಚಿಕೊಂಡು ನೀರು ಕಾಯಿಸುತ್ತೀರಾ, ಮಂಚ ಸರಿಸಿ ಒರೆಸುವುದುಂಟಾ ಎಂದು ಕೇಳಿದ. ಎಲ್ಲ ಮನೆ ಇಟ್ಟುಕೊಳ್ಳುವ ರೀತಿಯಲ್ಲಿದೆ ಟೀಚರ್ ಅಂದು ಟೋಪಿ ಸರಿಮಾಡಿಕೊಂಡು ಹೊರಟ. ಇದನ್ನು ಟೀಚರೇ ನನಗೆ ತಲೆತಗ್ಗಿಸಿಕೊಂಡು ಹೇಳಿದ್ದು. ವಯಸ್ಸಾಯಿತು ನೋಡು, ಗಲೀಜು ಕಣ್ಣಿಗೇ ಬೀಳುವುದಿಲ್ಲ ಅಂದರು.

ಅಲ್ಲಿಂದ ಅವರು ಯಾರನ್ನೂ ಒಳಗೆ ಕರೆಯಲಿಲ್ಲ. ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಟೀಚರ್ ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರು ಒಯ್ಯುತ್ತಿದ್ದರು, ತಿಂಗಳಿಗೆ ಒಂದಿದ್ದ ಕೆಮ್ಮಿನ ಸಿರಪ್ಪು ಎರಡಾಯಿತು, ಮೂರಾಯಿತು, ಆಮೇಲೆ ಉಸಿರೆಳೆದುಕೊಳ್ಳುವ ಪಂಪು. ಹಲ್ಲುಜ್ಜುವ ಬ್ರಷ್ಷಿನಲ್ಲಿ ಗೋಡೆ ಉಜ್ಜಿ ಉಜ್ಜಿ ಅವರ ಬೆರಳ ಸಂದಿಯೆಲ್ಲ ಬಿರಿದಿತ್ತು. ಎದೆ ಸರಿಯಾಗದಿದ್ದರೆ ಮನೆ ಬಿಟ್ಟು ಬೇರೆಲ್ಲಾದರೂ ಇರಿ ಎಂದು ಡಾಕ್ಟರು ಹೇಳಿದ್ದರು. ಮೂವತ್ತೆಂಟು ವರ್ಷ ಬಾಳಿದ ಮನೆ ಬಿಟ್ಟು ಎಲ್ಲಿಗೆ ಹೋಗಲಿ ಎಂದು ಅವರು ನನ್ನನ್ನು ಕೇಳಿದರು. ನನಗೇನು ಗೊತ್ತು? ಸಿರಪ್ಪು ಕಟ್ಟಿಕೊಟ್ಟೆ.

ಹೋದ ಭಾನುವಾರ ಬೆಳಿಗ್ಗೆ ಅವರು ಅಂಗಡಿಯ ಮೆಟ್ಟಿಲಲ್ಲೇ ಉಸಿರು ಸಿಗದೆ ಕೂತುಬಿಟ್ಟರು. ಕೈಹಿಡಿದು ಮನೆಗೆ ಕರೆದುಕೊಂಡು ಬಂದೆ. ಬೇಡ ಬೇಡ ಅಂದರೂ ಕೇಳದೆ ಒಳಗೆ ಹೋಗಿ ಮಂಚದ ಮೇಲೆ ಕೂರಿಸಿದೆ. ಗೋಡೆಯ ಬುಡದ ಮರದ ಪಟ್ಟಿ ಉಬ್ಬಿಕೊಂಡಿತ್ತು. ಕಾಲಿನ ತುದಿ ತಾಗಿತು ಅಷ್ಟೇ, ನೆನೆದ ಬಿಸ್ಕತ್ತಿನಂತೆ ಮುರಿದು ಬಿತ್ತು. ಹಲಗೆಯ ಅಂಚು ಹಿಡಿದು ಎಳೆದೆ. ಒಂದು ಮೊಳ ಕಿತ್ತು ಬಂತು. ಹಿಂದೆ ಬೆಳ್ಳಿ ಹಾಳೆ, ಇನ್ನೂ ಥಳಥಳ. ಅದನ್ನು ಹರಿದೆ.

ಒಳಗಿಂದ ಕೊಳೆತ ನೀರು ನನ್ನ ಪಾದದ ಮೇಲೆ ಸುರಿಯಿತು. ಹತ್ತಿ ಹಳದಿಯಾಗಿ ಉಳಿದಿರಲಿಲ್ಲ. ಕಪ್ಪಗೆ, ಲೋಳೆಯಾಗಿ, ಮುದ್ದೆಮುದ್ದೆಯಾಗಿ ಜೋತುಬಿದ್ದಿತ್ತು. ಚೌಕಟ್ಟಿನ ಮರದ ಮೇಲೆ ಬಿಳಿ ಬೂಷ್ಟು. ಅದರಿಂದ ಜಿರಳೆಗಳು ಹೊರಬಿದ್ದು ಟೀಚರ ಹಾಸಿಗೆಯತ್ತ ಓಡಿದವು. ನಾನು ಹಿತ್ತಲಿಗೆ ಓಡಿ ವಾಂತಿ ಮಾಡಿದೆ. ಮೇಲೆ ಥಳಕು, ಒಳಗೆ ಹುಳುಕು ಅನ್ನುವುದನ್ನು ಇವರೇ ನಮಗೆ ಗಾದೆ ವಿಸ್ತರಿಸಿ ಬರೆಯಲು ಕೊಡುತ್ತಿದ್ದರು. ಅದರ ಮಗ್ಗುಲಲ್ಲೇ ಮೂರು ವರ್ಷ ಮಲಗಿ ಉಸಿರಾಡಿದ್ದಾರೆ.

ಬಾಯಿ ತೊಳೆದ ಮೇಲೆ ನೆನಪಾದದ್ದು ಅಮ್ಮ. ಅವಳ ಮಂಚವೂ ಅಂಥದೇ ಗೋಡೆಗೆ ಒತ್ತಿಕೊಂಡಿದೆ. ಟೀಚರನ್ನು ಕಿಟಕಿಯ ಪಕ್ಕ ಕೂರಿಸಿ, ಮನೆಗೆ ಓಡಿ, ಸ್ಕ್ರೂಡ್ರೈವರ್ ತಗೊಂಡು ಹಲಗೆ ಬಿಚ್ಚಿದೆ. ಮೂಗಿಗೆ ಸೆರಗು ಕಟ್ಟಿಕೊಂಡೇ ಬಿಚ್ಚಿದ್ದು. ಒಳಗೆ ಹತ್ತಿ ಹಳದಿಯಾಗಿತ್ತು. ಒಣಗಿತ್ತು, ನಿನ್ನೆ ತಂದಂತಿತ್ತು. ಕೈಯಿಟ್ಟರೆ ಬೆಚ್ಚಗೆ ಗರಿಗರಿ. ಸದ್ಯ ಎಂದು ಅಲ್ಲೇ ನೆಲದ ಮೇಲೆ ಕೂತೆ.

ಕೂತವಳಿಗೆ ಬೆಳ್ಳಿ ಹಾಳೆ ಎಲ್ಲಿ ಅನ್ನಿಸಿತು. ಹತ್ತಿಯನ್ನು ಸರಿಸಿ ನೋಡಿದೆ. ಹಾಳೆ ಹಿಂದುಗಡೆ, ಇಟ್ಟಿಗೆಯ ಕಡೆ ಮುಖ ಮಾಡಿಕೊಂಡಿತ್ತು. ಟೀಚರ ಮನೆಯದರ ತಿರುಗುಮುರುಗು.

ಮಾವ ಹನ್ನೊಂದು ಗಂಟೆಯ ಕಾಫಿಗೆ ಬಂದ. ಬಿಚ್ಚಿದ ಗೋಡೆ ನೋಡಿದ, ನನ್ನ ಮುಖ ನೋಡಿದ, ಕುರ್ಚಿ ಎಳೆದುಕೊಂಡು ಕೂತ.

"ನಮ್ಮನೇಲಿ ಯಾಕೆ ಬೆಳ್ಳಿ ಮುಖ ಆ ಕಡೆ ಇದೆ?" ಅಂತ ಕೇಳಿದೆ.

ಅವನು ಸುಳ್ಳು ಹೇಳಲಿಲ್ಲ. ಅದೊಂದೇ ಅವನ ಪರವಾಗಿ ಹೇಳಬಹುದಾದ ಮಾತು. ಲೋಟದಲ್ಲಿ ತಣ್ಣೀರು ಹಾಕಿಟ್ಟರೆ ಹೊರಮೈ ಬೆವರುತ್ತದಲ್ಲ, ಗೋಡೆಯೂ ಹಾಗೇ ಎಂದು ವಿವರಿಸಿದ. ನಮ್ಮಂಥ ಊರಲ್ಲಿ ತೇವ ಬರುವುದು ಹೊರಗಿನ ಸೆಕೆಯ ಜೊತೆ. ಅದನ್ನು ಇಟ್ಟಿಗೆಯ ಹತ್ತಿರವೇ ತಡೆಯಬೇಕು. ಹಾಳೆಯನ್ನು ಕೋಣೆಯ ಕಡೆ ಇಟ್ಟರೆ ತೇವ ಹತ್ತಿಯನ್ನೆಲ್ಲ ದಾಟಿ ಬಂದು, ಎ.ಸಿ.ಯಿಂದ ತಣ್ಣಗಾದ ಹಾಳೆಗೆ ತಾಗಿ ಅಲ್ಲೇ ನೀರಾಗುತ್ತದೆ. ಕೋಲ್ಡ್ ಸ್ಟೋರೇಜಿನಲ್ಲಿ ಮೊದಲ ವಾರ ಕಲಿಸುವ ಪಾಠವಂತೆ ಅದು. ಗುತ್ತಿಗೆದಾರನಿಗೆ ಮೊದಲ ದಿನವೇ ಹೇಳಿದನಂತೆ. ಬೆಳ್ಳಿ ಕಾಣದಿದ್ದರೆ ಜನ ನಂಬುವುದಿಲ್ಲ, ಫೋಟೋದಲ್ಲಿ ಹೊಳೆಯಬೇಕು, ಆಗದಿದ್ದರೆ ಟೋಪಿ ಇಟ್ಟು ಹೋಗು ಅಂದನಂತೆ ಅವನು. ಇವನು ಟೋಪಿ ಇಟ್ಟುಕೊಂಡ. ಹಾಸನ್ನು ಮಗುಚಿ ಹಾಕಿದ್ದರೆ ಮುಗಿಯುತ್ತಿತ್ತು. ಒಂದು ಮೊಳೆ ಹೆಚ್ಚು ಬೇಕಿರಲಿಲ್ಲ.

"ಮತ್ತೆ ಇಲ್ಲಿ?"

"ಇಲ್ಲಿ ಅಕ್ಕ ಮಲಗ್ತಾಳಲ್ಲ."

ಇದನ್ನು ಅವನು ನಾನು ಮೆಚ್ಚಿಕೊಳ್ಳಲಿ ಎನ್ನುವಂತೆ ಹೇಳಿದ. ಊರಿಗೆ ಉಪಕಾರಿ ಮನೆಗೆ ಮಾರಿ ಆದವರನ್ನು ಕಂಡಿದ್ದೇನೆ. ಇವನು ಅದನ್ನೂ ಮಗುಚಿ ಹಾಕಿದ್ದ. ನನಗೆ ಆ ಕಪ್ಪು ನೀರಿಗಿಂತ ಈ ಒಣಗಿದ ಹತ್ತಿ ಹೆಚ್ಚು ಅಸಹ್ಯವಾಗಿ ಕಂಡಿತು.

"ಟೀಚರ್ ಮನೇಲಿ ಯಾರೂ ಮಲಗಲ್ವಾ ಮಾವ? ಅವರಿಗೆ ಗಲೀಜು ಅಂದು ಬಂದ್ಯಲ್ಲ."

ಮಾವ ಸ್ವೆಟರಿನ ಎಳೆ ಕೀಳುತ್ತ ಕೂತ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಎಲ್ಲ ಕೇಳಿಸಿಕೊಂಡು ನಿಂತಿದ್ದಳು. ತಮ್ಮನೆಂದರೆ ಅವಳಿಗೆ ಪ್ರಾಣ. ಕಾಫಿ ಲೋಟ ಅವನ ಮುಂದಿಡದೆ ಸಿಂಕಿಗೆ ಸುರಿದಳು.

"ನನ್ನ ಹೆಸರು ತೆಗೀಬೇಡ. ಹಾಗೆ ಮಾಡು ಅಂತ ನಾನು ನಿನ್ನ ಕೇಳಿರ್ಲಿಲ್ಲ. ಆ ಟೋಪಿ ಹಾಕ್ಕೊಂಡು ಹೋಗಿ ಟೀಚರಿಗೆ ಹೇಳು. ಆಮೇಲೆ ಎಲ್ಲಾ ಮನೇಗೂ ಹೋಗು. ಟೋಪಿ ಹಾಕ್ಕೊಂಡೇ."

ಅವನು ಹೋದ. ಟೀಚರ ಹೊಸ್ತಿಲ ಹೊರಗೆ ನಿಂತು, ಟೋಪಿ ಹಾಕಿಕೊಂಡೇ, ನನಗೆ ಹೇಳಿದ್ದನ್ನೆಲ್ಲ ಹೇಳಿದ. ನಮ್ಮ ಗೋಡೆಯ ವಿಷಯವನ್ನೂ ಹೇಳಿದ. ಎಲ್ಲ ಮುಗಿದ ಮೇಲೆ ಟೀಚರ್ ತಮ್ಮ ಬಿರಿದ ಬೆರಳುಗಳನ್ನು ನೋಡಿಕೊಳ್ಳುತ್ತ ಒಂದೇ ಮಾತು ಕೇಳಿದರು: "ಹಾಗಾದ್ರೆ ನನ್ನ ಮನೆ ಗಲೀಜಾಗಿರ್ಲಿಲ್ಲ?" ಮಾವ ಇಲ್ಲ ಅಂದ. ಅವರು ಸೆರಗಲ್ಲಿ ಮುಖ ಮುಚ್ಚಿಕೊಂಡರು. ಅವರು ಅಳುವುದನ್ನು ನಾನು ಅದೇ ಮೊದಲು ನೋಡಿದ್ದು.

ಮಧ್ಯಾಹ್ನವೆಲ್ಲ ಮಾವ ಆ ಕೋಣೆಯ ಹಲಗೆ ಕಿತ್ತು, ಕೊಳೆತ ಹತ್ತಿಯನ್ನು ಬರಿಗೈಯಲ್ಲಿ ಚೀಲಕ್ಕೆ ತುಂಬಿದ. ಹತ್ತು ಚೀಲ ರಸ್ತೆಗೆ ಬಂತು. ನಾತಕ್ಕೆ ಬೀದಿಯವರು ಮೂಗು ಹಿಡಿದುಕೊಂಡು ಹೊರಬಂದರು, ಒಬ್ಬೊಬ್ಬರಾಗಿ ಮೂಗಿನಿಂದ ಕೈ ಇಳಿಸಿದರು. ಆ ನಾತ ಅವರಿಗೆ ಹೊಸದಾಗಿರಲಿಲ್ಲ. ಪ್ರತಿಯೊಬ್ಬರೂ ತಮ್ಮದೇ ಗಲೀಜೆಂದುಕೊಂಡು, ಪಕ್ಕದ ಮನೆಗೆ ತಿಳಿಯದಿರಲಿ ಎಂದು, ಗೋಡೆಗೆ ಬೀರು ಅಡ್ಡ ಇಟ್ಟಿದ್ದರು.

ಕೋಣೆ ಒಣಗುವ ತನಕ ಟೀಚರ್ ನಮ್ಮಲ್ಲೇ ಇರಲಿ ಎಂದು ಅಮ್ಮ ತನ್ನ ಮಂಚ ಬಿಟ್ಟುಕೊಟ್ಟಳು. ಸಂಜೆ ಅವರು ಬಂದರು. ಹಿಂದೆ ಅವರ ಬಟ್ಟೆಯ ಚೀಲ ಹೊತ್ತು ಮಾವ. ಟೀಚರ್ ಕೂರುವ ಮೊದಲು ಅಂಗೈ ಮಗುಚಿ ನಮ್ಮ ಗೋಡೆಗೆ ಒತ್ತಿದರು, ಥೇಟ್ ಅವನ ಹಾಗೆ. ಬಹಳ ಹೊತ್ತು ಕೈ ತೆಗೆಯಲಿಲ್ಲ.

"ಗೊತ್ತಿಲ್ದೆ ತಪ್ಪು ಬರೆದೋರನ್ನ ಎಷ್ಟೋ ಜನರನ್ನ ಪಾಸು ಮಾಡಿದೀನಿ," ಅಂದರು, ಗೋಡೆಯ ಕಡೆಗೇ ಮುಖ ಮಾಡಿ. "ಸರಿ ಉತ್ತರ ಗೊತ್ತಿದ್ದು, ತಮ್ಮ ಮನೇಲಿ ಮಾತ್ರ ಸರಿಯಾಗಿ ಬರೆದೋರು ನೀವೊಬ್ಬರೇ."

ಮಾವ ಚೀಲ ಕೆಳಗಿಟ್ಟು ಬೀದಿಗೆ ಇಳಿದ. ಇನ್ನೂ ಹದಿನಾರು ಮನೆ ಬಾಕಿ ಇತ್ತು.